ಒಲೆ ಉರಿದರೆ ಒಳಗೆ ಯಾರೂ ಇಲ್ಲ

ಬೋರ್ಡು ಖಾಲಿ ಇತ್ತು.

ನಂಜಣ್ಣ ಬೀಗ ತೆಗೆದು ತರಗತಿಯ ಬಾಗಿಲು ತಳ್ಳಿ, ಹೊಸ್ತಿಲ ಮೇಲೆಯೇ ನಿಂತು ಇಣುಕಿದ. ಆಮೇಲೆ ಕೀ ಗೊಂಚಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆ ಕಪ್ಪು ಹಲಗೆಗೇ ಕೈಮುಗಿದ. ಸಬ್ ಇನ್ಸ್‌ಪೆಕ್ಟರ್ ಚೇತನ್ಕುಮಾರ್ ಟೋಪಿ ತೆಗೆದು ಹಣೆ ಒರೆಸಿಕೊಂಡರು. ಇಬ್ಬರ ಮುಖದಲ್ಲೂ ನೆಮ್ಮದಿ. ನನಗೆ ಮಾತ್ರ ನೆಮ್ಮದಿಯಿರಲಿಲ್ಲ.

"ಒಂಟೋದ್ರು ಕಣವ್ವ ಮೇಷ್ಟ್ರು," ಎಂದ ನಂಜಣ್ಣ. "ಯೋಳ್ಬೇಕಾದ್ದ ಯೋಳಾಯ್ತು, ಒಂಟೋದ್ರು."

ಸೋಮವಾರ, ಮಂಗಳವಾರ, ಬುಧವಾರ ಮೂರು ಬೆಳಗ್ಗೆಯೂ ಬೀಗ ಹಾಕಿದ ಈ ಕೋಣೆಯ ಬೋರ್ಡಿನ ಮೇಲೆ, ಕಾಣೆಯಾದ ದೊಡ್ಡಮಾದಯ್ಯ ಮೇಷ್ಟ್ರ ಕೈಬರಹದಲ್ಲಿ ಒಂದೊಂದು ಸಾಲು ಮೂಡಿತ್ತು. ಇವತ್ತು ಗುರುವಾರ. ಇವತ್ತು ಇಲ್ಲ.

ದೆವ್ವಕ್ಕೆ ಕೆಲಸ ಮುಗಿಯಿತು ಎಂದು ಅವರಿಬ್ಬರೂ ಲೆಕ್ಕ ಹಾಕಿದರು. ನಾನು ಯಶೋದಮ್ಮ, ಕೆ.ಆರ್. ನಗರದಲ್ಲಿ ಇಪ್ಪತ್ತಾರು ವರ್ಷ ತರ್ಕಶಾಸ್ತ್ರ ಪಾಠ ಮಾಡಿದವಳು. ದೆವ್ವದ ಮೇಲೆ ನನಗೆ ನಂಬಿಕೆಯೂ ಇಲ್ಲ, ಗೌರವವೂ ಇಲ್ಲ. ದಿನಾ ಬರೆಯುತ್ತಿದ್ದವರು ಒಂದು ದಿನ ಬರೆಯಲಿಲ್ಲ ಎಂದರೆ ಬರೆಯುವವರಿಗೆ ಏನೋ ಆಗಿದೆ ಎಂದೇ ನನ್ನ ತಲೆಗೆ ಬರುವುದು.

ಈ ಸೀಮೆಯಲ್ಲಿ ತರ್ಕಶಾಸ್ತ್ರ ಹೇಳುವವರು ಬೆರಳೆಣಿಕೆಯಷ್ಟು ಜನ. ಹೋದ ಶುಕ್ರವಾರ ದೊಡ್ಡಮಾದಯ್ಯ ಕಾಣೆಯಾದರು, ಶನಿವಾರ ಅವರ ಸ್ಕೂಟರು ಕಟ್ಟೆಮಳಲವಾಡಿಯ ಕಟ್ಟೆ ಮೇಲೆ ಸಿಕ್ಕಿ ನೀರಿಗೆ ಬಿದ್ದು ಸತ್ತರೆಂದು ಊರು ತೀರ್ಮಾನಿಸಿತು, ಸೋಮವಾರ ನನ್ನನ್ನು ಕಂಪಲಾಪುರದ ಆಚೆ ಇರುವ ಈ ಹೊನ್ನಾದೇವಿ ಪದವಿಪೂರ್ವ ಕಾಲೇಜಿಗೆ ಎರವಲು ಕಳಿಸಿದರು. ಪರೀಕ್ಷೆ ಹತ್ತಿರ ಬಂದರೆ ಮನುಷ್ಯ ಸತ್ತನೋ ಬದುಕಿದನೋ ಎಂದು ಯಾರೂ ಕಾಯುವುದಿಲ್ಲ.

ನಾನು ಕೋಣೆಯನ್ನು ಒಂದು ಸುತ್ತು ನೋಡಿದೆ. ಬೆಂಚುಗಳು ನಿನ್ನೆ ಇದ್ದ ಹಾಗೇ ಇದ್ದವು. ಕಿಟಕಿಯ ಸರಳು ಗಟ್ಟಿಯಾಗಿದ್ದವು. ಬೋರ್ಡಿನ ಪಕ್ಕದ ಗೋಡೆಯಲ್ಲಿ ಸರಸ್ವತಿಯ ಫೋಟೋ. ಅದರ ಮೇಲಿನ ಕನಕಾಂಬರದ ಮಾಲೆ ಬಾಡಿ ಕಂದಿತ್ತು.

ಸೋಮವಾರದಿಂದ ಮೂರು ದಿನವೂ ಅಲ್ಲಿ ಆಗತಾನೇ ಕಟ್ಟಿದ ಹೂವಿತ್ತು. ಅದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಬುಧವಾರ ಹೂವಿನಿಂದ ನೀರು ತೊಟ್ಟಿಕ್ಕಿ ಹಾಜರಿ ಪುಸ್ತಕ ಒದ್ದೆಯಾಗಿತ್ತು.

ಈ ಹೂ ಯಾರು ಹಾಕುವುದು ಎಂದು ನಂಜಣ್ಣನನ್ನು ಕೇಳಿದೆ. ಮೂವತ್ತು ವರ್ಷದಿಂದ ಇಲ್ಲಿ ಅಟೆಂಡರ್ ಆಗಿರುವ ಅವನಿಗೆ ಗೊತ್ತಿಲ್ಲದ ಮೊಳೆ ಈ ಕಟ್ಟಡದಲ್ಲಿಲ್ಲ. ಕಾಲೇಜಿನ ಸೆಕ್ರೆಟರಿ ಕಾಂತರಾಜು ಅವರ ಮನೆಯಿಂದ ಬರುತ್ತದೆ ಎಂದ. ಕಾಲೇಜು ಕಟ್ಟಿಸಿದ ದೊಡ್ಡ ಯಜಮಾನರ ಕಾಲದಿಂದಲೂ ಹಾಗೇ. ಬೆಳಕು ಹರಿಯುವ ಮುಂಚೆ ಆ ಮನೆಯ ಹೆಣ್ಣುಮಕ್ಕಳು ತಂದು ಹಾಕಿ ಹೋಗುವುದು ಪದ್ಧತಿ. ಈಗ ಕಾಂತರಾಜುವಿನ ಹೆಂಡತಿ ಸಾಕಮ್ಮ ತರುತ್ತಾರೆ.

"ಬೀಗ ಹಾಕಿರ್ತೀಯಲ್ಲ, ಅವರು ಹೇಗೆ ಬರ್ತಾರೆ?"

"ಅವರ ಮನೇಲಿ ಒಂದ್ ಕೀ ಅದೆ ಕಣವ್ವ," ಎಂದ ನಂಜಣ್ಣ, ಅದರಲ್ಲೇನು ವಿಶೇಷ ಎಂಬಂತೆ.

ಚೇತನ್ಕುಮಾರ್ ನನ್ನ ಕಡೆ ತಿರುಗಿದರು. ಮೂರು ದಿನದಿಂದ ನಾವು ಬೀಗ ಹಾಕಿದ ಕೋಣೆ, ಬೀಗ ಹಾಕಿದ ಕೋಣೆ ಎಂದು ಜಪ ಮಾಡುತ್ತಿದ್ದೆವು. ಎರಡನೇ ಕೀ ಇದೆಯೇ ಎಂದು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ನನಗೂ ತೋಚಿರಲಿಲ್ಲ, ಅದನ್ನು ಒಪ್ಪಿಕೊಳ್ಳಲು ಸಂಕಟವಾಗುತ್ತದೆ.

ಆದರೂ ಇನ್ಸ್‌ಪೆಕ್ಟರ್ ಅಲ್ಲಾಡಲಿಲ್ಲ. ಅವರ ಕೈಯಲ್ಲಿ ಆಗಲೇ ಒಬ್ಬ ಆಸಾಮಿ ಇದ್ದ. ಎಚ್.ಡಿ. ಕೋಟೆ ಕಡೆಯ ಕಾಡಂಚಿನ ಹಾಡಿಯ ರಮೇಶ, ಜೇನು ಮಾರಿಕೊಂಡು ಬರುವವನು. ನಿನ್ನೆ ಸಾಯಂಕಾಲ ಅವನ ಚೀಲದಲ್ಲಿ ಮೇಷ್ಟ್ರ ಫೋನು ಸಿಕ್ಕಿತ್ತು. ಕಾಂತರಾಜು ಅವರ ಹೊಲದ ದಾರಿಯಲ್ಲಿ ಬಿದ್ದಿತ್ತು ಎಂದು ಅವನು ಹೇಳಿದ್ದನ್ನು ಠಾಣೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಹನ್ನೊಂದಕ್ಕೆ ಪಿರಿಯಾಪಟ್ಟಣದ ಕೋರ್ಟಿಗೆ ಅವನನ್ನು ಹಾಜರುಪಡಿಸಬೇಕು. ಕೊಲೆ ಕೇಸಿನಲ್ಲಿ ಒಮ್ಮೆ ಜೈಲಿನ ಒಳಗೆ ಹೋದರೆ ಹಾಡಿಯ ಹುಡುಗನನ್ನು ಹೊರಗೆ ತರುವವರು ಯಾರು?

ಅವನ ತಾಯಿ ಚೆನ್ನಿ ಕಾಲೇಜಿನ ಗೇಟಿನ ಬಳಿ ಹೊಂಗೆ ಮರದ ಕೆಳಗೆ ಕೂತಿದ್ದಳು. ಠಾಣೆಯ ಮುಂದೆ ಕೂರಲು ಬಿಟ್ಟಿರಲಿಲ್ಲವಂತೆ. ಬೆಳಗ್ಗೆ ನಾನು ಒಳಗೆ ಬರುವಾಗ ನನ್ನ ಸೆರಗು ಹಿಡಿದು ನಿಲ್ಲಿಸಿ ಒಂದೇ ಮಾತು ಹೇಳಿದ್ದಳು: "ನೀವು ಓದಿರೋರು. ಆ ಅಲಗೆ ಮ್ಯಾಲೆ ನನ್ ಮಗನ ಎಸ್ರು ಅದಾ, ನೋಡಿ ಯೋಳಿ ಅವ್ವ."

ಹಲಗೆಯ ಮೇಲೆ ಅವನ ಹೆಸರಿರಲಿಲ್ಲ. ಆದರೆ ಇದೆ ಎಂದು ಊರೆಲ್ಲ ನಂಬಿತ್ತು. ಅದಕ್ಕೆ ಕಾರಣ ಮೇಷ್ಟ್ರ ಒಂದು ಪದ್ಧತಿ.

ದೊಡ್ಡಮಾದಯ್ಯ ಇಂಗ್ಲಿಷ್ ಅಕ್ಷರ ಬಳಸುತ್ತಿರಲಿಲ್ಲ. ಪ್ರತಿ ಜೂನ್ ತಿಂಗಳಲ್ಲಿ ತರಗತಿಯ ಒಬ್ಬೊಬ್ಬರಿಗೂ ಒಂದೊಂದು ಕನ್ನಡ ಅಕ್ಷರ ಹಂಚಿ, ಅವರ ಮನೆಯಲ್ಲಿ ದಿನಾ ಆಡುವ ಒಂದು ಮಾತನ್ನು ಆ ಅಕ್ಷರಕ್ಕೆ ಬರೆಸುತ್ತಿದ್ದರು. ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಙ ಮತ್ತು ಞ ಯಾರಿಗೂ ಬೇಡವಾದ್ದರಿಂದ ಅವೆರಡನ್ನು ತಮಗೇ ಇಟ್ಟುಕೊಳ್ಳುತ್ತಿದ್ದರಂತೆ. ಆಮೇಲೆ ದಿನಾ ಬೆಳಗ್ಗೆ ಬೋರ್ಡಿನ ಮೇಲೆ ಒಂದು ಸಾಲು ಚಿಹ್ನೆ ಬರೆಯುವುದು, ಮಕ್ಕಳು ಅದನ್ನು ಮನೆಮಾತಿಗೆ ಇಳಿಸುವುದು. ನಡುವೆ ಲಾಳದ ಗುರುತಿದ್ದರೆ 'ಹೀಗಾದರೆ ಹಾಗೆ'. ಅಕ್ಷರದ ಎಡಕ್ಕೆ ಅಲೆಯಂಥ ಗೆರೆ ಇದ್ದರೆ 'ಅದು ಸುಳ್ಳು'. ನಡುವೆ ಕವೆಯಂಥ ಗುರುತಿದ್ದರೆ 'ಇದು, ಇಲ್ಲವೇ ಅದು'.

ಸೋಮವಾರದ ಸಾಲು ಹೀಗಿತ್ತು: ಕ ⊃ ~ಗ

ಮಂಗಳವಾರದ್ದು: ಗ ∨ ತ

ಬುಧವಾರದ್ದು: ~ತ

ಈ ವರ್ಷದ ಪಟ್ಟಿಯಲ್ಲಿ ಕ ಎಂದರೆ 'ಹಾಡಿಯವರು ಜೇನು ತಂದಿದ್ದಾರೆ'. ಗ ಎಂದರೆ 'ಫೋನಿಗೆ ಸಿಗ್ನಲ್ ಇದೆ'. ಹಾಡಿಯವರು ಜೇನು ತಂದಿದ್ದರೆ ಫೋನಿಗೆ ಸಿಗ್ನಲ್ ಇಲ್ಲ! ನಿನ್ನೆ ಸಾಯಂಕಾಲ ನಂಜಣ್ಣ ಆ ಪಟ್ಟಿಯನ್ನು ಗೋಡೆಯಿಂದ ಬಿಚ್ಚಿ ತಾನೇ ಠಾಣೆಗೆ ತಲುಪಿಸಿದ. ಸತ್ತ ಮೇಷ್ಟ್ರೇ ಬಂದು ಸಾಕ್ಷಿ ಹೇಳಿದರು ಎಂದು ಪೇದೆಗಳವರೆಗೆ ಎಲ್ಲರಿಗೂ ಮೈ ಜುಂ ಎಂದಿತು.

"ಮಿಕ್ಕ ಎರಡು ಸಾಲು?" ಎಂದು ಕೇಳಿದೆ ನಾನು.

ಈ ವರ್ಷದ ಪಟ್ಟಿಯಲ್ಲಿ ತ ಎಂದರೆ 'ಎಮ್ಮೆ ಕರು ಹಾಕಿದೆ'. ಫೋನಿಗೆ ಸಿಗ್ನಲ್ ಇದೆ, ಇಲ್ಲವೇ ಎಮ್ಮೆ ಕರು ಹಾಕಿದೆ. ಎಮ್ಮೆ ಕರು ಹಾಕಿಲ್ಲ. ಎಮ್ಮೆಯ ಮೇಲೂ ಕೇಸು ಹಾಕುತ್ತೀರಾ ಎಂದು ಚೇತನ್ಕುಮಾರ್ ಅವರನ್ನು ಕೇಳಿದೆ. ಅವರಿಗೆ ನಗು ಬರಲಿಲ್ಲ.

"ಮೇಡಂ, ಕೈಬರಹ ಅವರದೇ. ಲಾಳದ ತುದಿಯಲ್ಲಿ ಆ ಕೊಕ್ಕೆ ನೋಡಿದ್ರಲ್ಲ?"

"ನೋಡಿದೆ. ಆಮೇಲೆ ಮಕ್ಕಳ ನೋಟ್‌ಬುಕ್ಕನ್ನೂ ನೋಡಿದೆ. ನಲವತ್ತು ಜನರೂ ಹಾಗೇ ಬರೀತಾರೆ. ಅವರ ಕೈಕೆಳಗೆ ಕಲಿತ ಯಾರೇ ಆದ್ರೂ ಹಾಗೇ ಬರೀತಾರೆ."

ನನಗೆ ನನ್ನ ಮಾತೇ ಹೊಡೆದ ಹಾಗಾಯಿತು. ಅವರ ಕೈಕೆಳಗೆ ಕಲಿತ ಯಾರೇ ಆದರೂ. ಈ ವರ್ಷ ಕಲಿತವರೇ ಆಗಬೇಕೆಂದು ಯಾರು ಹೇಳಿದರು? ಬರೆದವರು ಹಳೆಯ ವಿದ್ಯಾರ್ಥಿಯಾಗಿದ್ದರೆ ಅವರ ತಲೆಯಲ್ಲಿರುವುದು ಅವರ ಕಾಲದ ಪಟ್ಟಿ.

ಹಳೆಯ ಪಟ್ಟಿಗಳೆಲ್ಲಿ ಎಂದು ನಂಜಣ್ಣನನ್ನು ಕೇಳಿದೆ. ಎಲ್ಲ ಗೆದ್ದಲು ತಿಂದು ಹೋಯಿತು ಎಂದ. ಕೇಳಿ ಮುಗಿಸುವ ಮುಂಚೆಯೇ ಹೇಳಿದ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಮೂಲೆಯಲ್ಲಿ ಮರದ ಬೀರು ಇತ್ತು. ಸೀಮೆಸುಣ್ಣದ ಡಬ್ಬಿ ಇಡುವ ಕೆಳಗಿನ ಖಾನೆಗೆ ದಪ್ಪ ಕಾಗದ ಹಾಸಿದ್ದರು. ಡಬ್ಬಿಗಳನ್ನು ತೆಗೆದು ಕಾಗದ ಎತ್ತಿ ತಿರುಗಿಸಿದೆ. ಮುಂಬದಿಯಲ್ಲಿ ಗೊಬ್ಬರದ ಅಂಗಡಿಯ ಕ್ಯಾಲೆಂಡರು. ಹಿಂಬದಿಯಲ್ಲಿ ಮೇಷ್ಟ್ರ ಗುಂಡಗಿನ ಅಕ್ಷರ. ಒಟ್ಟು ಮೂರು ಹಾಳೆಗಳಿದ್ದವು, ಒಂದಕ್ಕೂ ಗೆದ್ದಲು ಮುಟ್ಟಿರಲಿಲ್ಲ.

"ಮರ್ತೋಗಿತ್ತು ಕಣವ್ವ," ಎಂದ ನಂಜಣ್ಣ, "ನಾನೇಯ ಆಸಿದ್ದು."

ಮೊದಲ ಹಾಳೆಯಂತೆ ಬೋರ್ಡಿನ ಸಾಲು ಓದಿದರೆ, ಬಸ್ಸು ತಡವಾದರೆ ಅಜ್ಜಿಗೆ ಸಿಟ್ಟಿಲ್ಲ, ಅಜ್ಜಿಗೆ ಸಿಟ್ಟು ಬಂದಿದೆ ಇಲ್ಲವೇ ಸಕ್ಕರೆ ಮುಗಿದಿದೆ ಎಂದು ಬಂತು. ಅದನ್ನು ಪಕ್ಕಕ್ಕಿಟ್ಟೆ. ಎರಡನೆಯದು ಹರಿದು ಅರ್ಧ ಮಾತ್ರ ಉಳಿದಿತ್ತು. ಮೂರನೆಯದರ ತಲೆಯ ಮೇಲೆ 2005–06 ಎಂದಿತ್ತು.

ಬೆರಳಿಟ್ಟು ಹುಡುಕಿದೆ. ಮೊದಲು ನೋಡಿದ್ದು ಹೆಸರುಗಳನ್ನಲ್ಲ, ಮಾತುಗಳನ್ನು.

ಕ: ಬ್ಯಾರನ್ನಿನ ಒಲೆ ಉರಿಯುತ್ತಿದೆ.

ಗ: ಬ್ಯಾರನ್ನಿನೊಳಗೆ ಜನ ಇದ್ದಾರೆ.

ತ: ಕಟ್ಟೆಯ ನೀರಿಗೆ ಜನ ಇಳಿದಿದ್ದಾರೆ.

ಬ್ಯಾರನ್ ಎಂದರೆ ಈ ಕಡೆ ಹೊಗೆಸೊಪ್ಪನ್ನು ಹದ ಮಾಡುವ ಎತ್ತರದ ಇಟ್ಟಿಗೆ ಕೋಣೆ. ಒಲೆಯ ಬಾಯಿ ಹೊರಗಿರುತ್ತದೆ, ಸೊಪ್ಪು ಒಳಗಿರುತ್ತದೆ, ಬಾಗಿಲು ಮುಚ್ಚಿ ದಿನಗಟ್ಟಲೆ ಕಾಯಿಸುತ್ತಾರೆ.

ನಾನು ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ ಮೂರು ಸಾಲನ್ನೂ ಮನೆಮಾತಿನಲ್ಲಿ ಬರೆದೆ.

ಒಲೆ ಉರಿದರೆ ಒಳಗೆ ಯಾರೂ ಇಲ್ಲ.

ಬ್ಯಾರನ್ನಿನೊಳಗೆ ಇದ್ದಾರೆ, ಇಲ್ಲವೇ ಕಟ್ಟೆಯ ನೀರಿನಲ್ಲಿ.

ಕಟ್ಟೆಯ ನೀರಿನಲ್ಲಿ ಇಲ್ಲ.

ದೊಡ್ಡಮಾದಯ್ಯ ಕೊನೆಯ ಸಾಲನ್ನು ಎಂದೂ ತಾವು ಬರೆಯುತ್ತಿರಲಿಲ್ಲ, ಮಕ್ಕಳೇ ಬಂದು ಬರೆಯಬೇಕಿತ್ತು. ನಾಲ್ಕನೇ ಸಾಲು ಬರೆಯಬೇಕಾದವಳು ನಾನು. ಬರೆದೆ.

ಬ್ಯಾರನ್ನಿನೊಳಗೆ ಇದ್ದಾರೆ.

ಚೇತನ್ಕುಮಾರ್ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮನೆಯವರೇ. ಮೊದಲ ಸಾಲನ್ನು ಅವರು ಎರಡು ಸಲ ಓದಿದರು. ತಮ್ಮ ತಾತ ಒಲೆಗೆ ಬೆಂಕಿ ಹಾಕುವ ಮುಂಚೆ ಬ್ಯಾರನ್ನಿನ ಬಾಗಿಲಿಗೆ ಮೂರು ಸಲ ತಟ್ಟಿ, ಒಳಗೆ ಯಾರಾದರೂ ಇದ್ದೀರಾ ಎಂದು ಕೂಗಿ ಕೇಳುತ್ತಿದ್ದರು ಎಂದರು. ಸೊಪ್ಪು ಏರಿಸಿದ ಆಳು ಮೇಲಿನ ಗಳುವಿನ ಮೇಲೆ ನಿದ್ದೆ ಹೋಗಿದ್ದರೆ? ಅದಕ್ಕೇ ಆ ಪದ್ಧತಿ. ಅವರ ಮನೆಯಲ್ಲಿ ಇವತ್ತಿಗೂ ತಟ್ಟದೆ ಕಡ್ಡಿ ಗೀರುವುದಿಲ್ಲ.

"ಆದ್ರೆ ಮೇಡಂ, ಹತ್ತೊಂಬತ್ತು ಇಪ್ಪತ್ತು ವರ್ಷದ ಹಿಂದಿನ ಕ್ಯಾಲೆಂಡರ್ ಹಿಡಕೊಂಡು ನಾನು ಕೋರ್ಟಿಗೆ ಏನಂತ ಹೇಳಲಿ?"

ಹೆಸರು ನೋಡಿ ಎಂದೆ. ಆಗಲೇ ನಾನೂ ನೋಡಿದ್ದು. ಗ ಎಂಬ ಅಕ್ಷರದ ಮುಂದೆ ಕಾಂತರಾಜು ಎಂದಿತ್ತು. ಕ ಎಂಬ ಅಕ್ಷರದ ಮುಂದೆ ಎಸ್. ಸಾಕಮ್ಮ. ಇವತ್ತಿನ ಸೆಕ್ರೆಟರಿ ಮತ್ತು ಅವರ ಹೆಂಡತಿ ಒಂದೇ ತರಗತಿಯಲ್ಲಿ ಓದಿದವರು.

ಹೂ ತರುವವಳೇ ಬರೆದವಳು. ಸೋಮವಾರದಿಂದಲೇ ಏಕೆ ಶುರು ಮಾಡಿದಳು ಎಂಬುದೂ ಆಗ ಹೊಳೆಯಿತು. ಸೋಮವಾರ ಈ ಕಾಲೇಜಿಗೆ ಚಿಹ್ನೆ ಓದಬಲ್ಲವಳೊಬ್ಬಳು ಬಂದಳು. ಆ ಸಾಲುಗಳು ದೆವ್ವದ ಸಾಕ್ಷಿಯಲ್ಲ, ನನಗೆ ಬರೆದ ಕಾಗದ. ಅದನ್ನು ಓದಲು ನಾನು ಮೂರು ದಿನ ತೆಗೆದುಕೊಂಡೆ. ನನಗೆ ತುಂಬ ನಾಚಿಕೆಯಾಯಿತು.

ಬಾಯಿಬಿಟ್ಟು ಏಕೆ ಹೇಳಲಿಲ್ಲ? ಗಂಡನಿಗೆ ಹೆದರಿರಬೇಕು ಎಂದುಕೊಂಡೆ. ಅಷ್ಟು ಸುಲಭವಾಗಿ ಅಂದುಕೊಳ್ಳಬಾರದಿತ್ತು.

ಕಾಂತರಾಜು ಅವರ ಬ್ಯಾರನ್ ಎಲ್ಲಿದೆ ಎಂದು ಕೇಳಿದೆ. ಮನೆ ಹತ್ತಿರ ಹೊಸದೊಂದಿದೆ, ಏರಿಯ ಪಕ್ಕದ ಹೊಲದಲ್ಲಿ ಹಳೆಯದೊಂದಿದೆ ಎಂದ ನಂಜಣ್ಣ. ಹಳೆಯದಕ್ಕೆ ಮೂರು ವರ್ಷದಿಂದ ಬೆಂಕಿ ಹಾಕಿಲ್ಲ. ಕಾಲೇಜಿನ ಮುರುಕು ಬೆಂಚು ತುಂಬಿದ್ದಾರೆ. ಈ ಕಿಟಕಿಯಿಂದಲೇ ಕಾಣುತ್ತದೆ ಎಂದು ಕೈ ತೋರಿಸಿದ.

ಹೌದು, ಕಾಣುತ್ತಿತ್ತು. ಹೊಲದಾಚೆ ಒಂಟಿಯಾಗಿ ನಿಂತ ಹಳೆಯ ಹೆಂಚಿನ ಬ್ಯಾರನ್.

ಅದರ ಕೊಳವೆಯಿಂದ ಹೊಗೆ ಏಳುತ್ತಿತ್ತು.

---

ಜೀಪಿನಲ್ಲಿ ಕೂತ ಮೇಲೆ ಚೇತನ್ಕುಮಾರ್ ಠಾಣೆಗೆ ಫೋನು ಮಾಡಿ, ತಾನು ಹೇಳುವವರೆಗೂ ರಮೇಶನನ್ನು ಕೋರ್ಟಿಗೆ ಹೊರಡಿಸಬೇಡಿ ಎಂದರು. ಹನ್ನೊಂದರವರೆಗೆ ಮಾತ್ರ ಎಂದು ನನಗೆ ಹೇಳಿದರು. ಗಂಟೆ ಹತ್ತಾಗಿತ್ತು. ಕೀಗಳಿರಲಿ ಎಂದು ನಂಜಣ್ಣನನ್ನೂ ಹಿಂದೆ ಕೂರಿಸಿಕೊಂಡೆವು. ಗೇಟು ದಾಟುವಾಗ ಚೆನ್ನಿ ಎದ್ದು ನಿಂತು ಜೀಪನ್ನೇ ನೋಡಿದಳು. ನನ್ನ ಹತ್ತಿರ ಅವಳಿಗೆ ಹೇಳಲು ಇನ್ನೂ ಏನೂ ಇರಲಿಲ್ಲ.

ಅಕ್ಟೋಬರ್ ತಿಂಗಳು. ದಾರಿಯುದ್ದಕ್ಕೂ ಬ್ಯಾರನ್ನುಗಳು ಹೊಗೆಯಾಡುತ್ತಿದ್ದವು. ಒಂದೊಂದರ ಮುಂದೆಯೂ ಹೆಂಗಸರು ಗುಂಪಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ದಾರ ಸುತ್ತಿ ಕಟ್ಟುತ್ತಿದ್ದರು. ಅಂಗಳದ ತುಂಬ ತೊಟ್ಟು, ಹರಿದ ಎಲೆ, ದಾರದ ತುಂಡು.

ಹಳೆಯ ಬ್ಯಾರನ್ನಿನ ಅಂಗಳದಲ್ಲಿ ಒಂದು ಎಲೆಯೂ ಇರಲಿಲ್ಲ. ಗುಡಿಸಿಟ್ಟಂತೆ ಚೊಕ್ಕಟವಾಗಿತ್ತು. ಒಲೆಯ ಬಾಯಲ್ಲಿ ಮಾತ್ರ ಕೊರಡುಗಳು ಧಗಧಗ ಉರಿಯುತ್ತಿದ್ದವು. ಸುತ್ತ ಒಂದು ಆಳಿಲ್ಲ, ಒಂದು ಹಕ್ಕಿಯ ಸದ್ದಿಲ್ಲ.

ಕಾಂತರಾಜು ಒಲೆಯಿಂದ ಹತ್ತು ಮಾರು ದೂರದಲ್ಲಿ ಕಲ್ಲಿನ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಹಣೆಗೆ ಕುಂಕುಮ, ಕೊರಳಿಗೆ ಹೊಸದಾಗಿ ಕಟ್ಟಿದ ಕಪ್ಪು ದಾರ. ನಮ್ಮನ್ನು ನೋಡಿ ಎದ್ದರು. ಹೆದರಿದ ಹಾಗೆ ಕಾಣಲಿಲ್ಲ. ಯಾರಾದರೂ ಬಂದರಲ್ಲ ಎಂದು ಸಮಾಧಾನವಾದಂತೆ ಕಂಡರು, ಅದೇ ನನಗೆ ವಿಚಿತ್ರವೆನಿಸಿದ್ದು.

ಸಾಕಮ್ಮ ಎಲ್ಲಿ ಎಂದು ಚೇತನ್ಕುಮಾರ್ ಕೇಳಿದರು. ನಿನ್ನೆ ಎಚ್.ಡಿ. ಕೋಟೆಗೆ, ತವರಿಗೆ ಹೋದಳು ಎಂದರು. ಹೇಳದೇ ಹೋದಳಾ ಎಂದು ನಾನು ಕೇಳಿದ್ದಕ್ಕೆ, ತಾನು ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿದ್ದೆ, ಮನೆಗೆ ಬರುವಷ್ಟರಲ್ಲಿ ಬಸ್ಸು ಹತ್ತಿ ಆಗಿತ್ತು ಎಂದರು. ಅವಳ ಫೋನು ಅಡುಗೆಮನೆಯ ಗೂಡಿನಲ್ಲೇ ಉಳಿದಿದೆಯಂತೆ.

"ಒಳಗೆ ಸೊಪ್ಪಿದೆಯಾ?"

"ಇಲ್ಲ ಮೇಡಂ."

"ಸೊಪ್ಪಿಲ್ಲದೆ ಬೆಂಕಿ ಯಾಕೆ?"

ಅವರು ನೆಲ ನೋಡಿದರು. ಆಮೇಲೆ ತುಂಡುತುಂಡಾಗಿ ಹೇಳಿದರು. ಐದಾರು ದಿನದಿಂದ ಈ ಬ್ಯಾರನ್ನಿನಿಂದ ಸದ್ದು ಬರುತ್ತಿತ್ತು. ಗೋಡೆ ತಟ್ಟುವ ಸದ್ದು. ಹೊಲಕ್ಕೆ ಬರುತ್ತಿದ್ದ ಆಳುಗಳೆಲ್ಲ ಕೆಲಸ ಬಿಟ್ಟರು. ಆಮೇಲೆ ಬೋರ್ಡಿನ ಮೇಲೆ ಸಾಲುಗಳು ಮೂಡಿದ ಸುದ್ದಿ ಬಂತು. ನೀರಿಗೆ ಬಿದ್ದು ಸತ್ತ ಮೇಷ್ಟ್ರಿಗೆ ನೆಲೆಯಿಲ್ಲ, ತಮ್ಮ ಹಳೆಯ ಬೆಂಚುಗಳಿರುವಲ್ಲಿ ಬಂದು ಸೇರಿಕೊಂಡಿದ್ದಾರೆ, ಒಂದು ಸಲ ಬೆಂಕಿ ಹಾಕಿ ಹೊಗೆ ಕೊಟ್ಟರೆ ಹೊರಟುಹೋಗುತ್ತಾರೆ ಎಂದು ಒಬ್ಬರು ಹೇಳಿದ್ದನ್ನು ಅವರು ನಂಬಿದರು.

ಹೇಳಿದವರು ಯಾರು ಎಂದು ಆ ಕ್ಷಣ ಕೇಳಬೇಕಿತ್ತು. ನನ್ನ ತಲೆಯಲ್ಲಿ ಬೇರೊಂದು ಪ್ರಶ್ನೆ ಕೂತಿತ್ತು.

"ಕಾಂತರಾಜು, ಬೆಂಕಿ ಹಾಕೋ ಮುಂಚೆ ಬಾಗಿಲು ತಟ್ಟಿದ್ರಾ?"

"ತಟ್ಟದೆ ಯಾರಾದ್ರೂ ಆಕ್ತಾರಾ ಮೇಡಂ? ಮೂರು ಸಲ ತಟ್ಟಿ ಕೇಳ್ದೆ."

"ಉತ್ತರ?"

"ಬಂತು," ಎಂದರು. "ಒಳಗಿಂದ ಮೂರು ಸಲ ತಟ್ತು. ಅದುಕ್ಕೇ ಬೆಂಕಿ ಆಕ್ದೆ."

ಚೇತನ್ಕುಮಾರ್ ಅವರ ಕೈಯಿಂದ ಲಾಠಿ ಜಾರಿ ಬಿತ್ತು.

ನಾನು ಇಪ್ಪತ್ತಾರು ವರ್ಷ ಮಕ್ಕಳ ತಪ್ಪು ಉತ್ತರ ತಿದ್ದಿದ್ದೇನೆ. ಇಂಥ ತಪ್ಪನ್ನು ಎಂದೂ ನೋಡಿರಲಿಲ್ಲ. ಉತ್ತರ ಬಂದರೆ ಬೆಂಕಿ ಹಾಕಬಾರದು ಎಂಬುದು ಅವರ ಮನೆಯ ಪದ್ಧತಿ. ಇಪ್ಪತ್ತು ವರ್ಷದ ಹಿಂದೆ ಪಟ್ಟಿಗೆ ಒಲೆಯ ಮಾತು ಕೊಟ್ಟವಳು ಅವರ ಹೆಂಡತಿಯಾಗಲಿದ್ದ ಹುಡುಗಿ, ಒಳಗಿನ ಜನರ ಮಾತು ಕೊಟ್ಟವರು ಅವರೇ. ಅವರು ಪದ್ಧತಿಯನ್ನು ಚಾಚೂ ತಪ್ಪದೆ ಮಾಡಿದ್ದರು, ಆದರೆ ಒಳಗಿರುವುದು ಸತ್ತವನೆಂದು ಮೊದಲೇ ತೀರ್ಮಾನಿಸಿ ಮಾಡಿದ್ದರು. ಸತ್ತವರು ಅವರ ಲೆಕ್ಕದಲ್ಲಿ ಜನ ಅಲ್ಲ.

ನಾನು ಬಾಗಿಲಿಗೆ ಓಡಿದೆ. ದಪ್ಪ ಮರದ ಬಾಗಿಲು, ಮುಷ್ಟಿಗಾತ್ರದ ಬೀಗ. ಮರ ಆಗಲೇ ಬಿಸಿಯಾಗಿತ್ತು. ಅಂಗೈಯಿಂದ ಮೂರು ಸಲ ತಟ್ಟಿದೆ.

"ಒಳಗೆ ಯಾರಾದ್ರೂ ಇದ್ದೀರಾ?"

ಒಲೆಯ ಬುಸುಗುಟ್ಟುವಿಕೆ ಬಿಟ್ಟರೆ ಏನೂ ಕೇಳಲಿಲ್ಲ. ಕಿವಿಯನ್ನು ಬಾಗಿಲಿಗೆ ಒತ್ತಿ ಹಿಡಿದೆ. ಕಿವಿ ಸುಟ್ಟಿತು.

ಒಂದು. ನಿಧಾನವಾಗಿ ಇನ್ನೊಂದು. ಬಹಳ ಹೊತ್ತಿನ ಮೇಲೆ ಮೂರನೆಯದು. ಅದು ಬಾಗಿಲ ಬುಡದಿಂದ ಬಂತು. ತಟ್ಟಿದವರಿಗೆ ನಿಲ್ಲಲು ಆಗುತ್ತಿರಲಿಲ್ಲ.

ಕಾಂತರಾಜು ಎರಡೂ ಕಿವಿ ಮುಚ್ಚಿಕೊಂಡು, ಅದೇ ಮೇಡಂ, ಅದೇ ಸದ್ದು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ಚೇತನ್ಕುಮಾರ್ ಕೀ ತಾ ಎಂದು ನಂಜಣ್ಣನನ್ನು ಕೂಗಿ, ಅವನಿಗೂ ಕಾಯದೆ ಬೀಗಕ್ಕೆ ಕಲ್ಲಿನಿಂದ ಹೊಡೆಯತೊಡಗಿದರು. ಅದು ಹಳೆಯ ಕಾಲದ ಬೀಗ, ಕಲ್ಲೇ ಚೂರಾಯಿತು.

ಬಾಗಿಲ ಪಕ್ಕದ ಗೋಡೆಯಲ್ಲಿ ಅಂಗೈಯಗಲದ ಗಾಜಿತ್ತು. ಒಳಗೆ ತೂಗಿಬಿಟ್ಟ ಉಷ್ಣಮಾಪಕವನ್ನು ಹೊರಗಿನಿಂದಲೇ ನೋಡಲು ಎಲ್ಲ ಬ್ಯಾರನ್ನಿಗೂ ಅಂಥದೊಂದು ಗಾಜಿರುತ್ತದೆ. ಮಸಿಯನ್ನು ಸೆರಗಿನಿಂದ ಉಜ್ಜಿದೆ. ನೂರಾ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ನಾನು ನೋಡುತ್ತಿದ್ದ ಹಾಗೇ ಪಾದರಸ ಇನ್ನೊಂದು ಗೆರೆ ಏರಿತು.

ಅದರ ಹಿಂದೆ ಕತ್ತಲಲ್ಲಿ ಏನೋ ಅಲ್ಲಾಡಿತು. ಬೆಂಚಿನ ಕಾಲು ಹಿಡಿದು ಯಾರೋ ಮೇಲೆದ್ದು, ಮುಖವನ್ನು ಗಾಜಿಗೆ ತಂದರು.

ಮೇಷ್ಟ್ರ ಮುಖಕ್ಕಾಗಿ ನಾನು ಸಿದ್ಧಳಾಗಿದ್ದೆ. ಅದು ಹೆಂಗಸಿನ ಮುಖ. ಬೆವರಿನಲ್ಲಿ ಕೂದಲು ಹಣೆಗಂಟಿತ್ತು. ಮುಡಿಯಲ್ಲಿ ನಿನ್ನೆಯ ಕನಕಾಂಬರ.

"ಸಾಕಮ್ಮ," ಎಂದೆ. ನನ್ನ ಹಿಂದೆ ಕಾಂತರಾಜು ನೆಲಕ್ಕೆ ಕುಸಿದರು.

ಬೋರ್ಡು ಹೇಳಿದ್ದು ಒಳಗೆ ಜನ ಇದ್ದಾರೆ ಎಂದಷ್ಟೇ. ಹೆಸರು ಸೇರಿಸಿದವಳು ನಾನು. ಆದರೆ ಸಾಕಮ್ಮ ಗಾಜಿನಾಚೆ ಕೈ ಎತ್ತಿದಳು. ಅವಳ ಬಾಯಿ ಅಲ್ಲಾಡಿತು, ಮಾತು ಕೇಳಲಿಲ್ಲ. ಆಮೇಲೆ ಎರಡು ಬೆರಳನ್ನು ಎತ್ತಿ ಗಾಜಿಗೆ ಒತ್ತಿದಳು.

ಎರಡು ಜನ. ಮೇಷ್ಟ್ರೂ ಒಳಗಿದ್ದಾರೆ.

"ಬಸ್ ಅತ್ತುಸ್ಬಿಟ್ಟು ಬಂದೆ ಅಂದ್ನಲ್ಲ," ಎಂದು ಕಾಂತರಾಜು ಮಣ್ಣಿನಲ್ಲಿ ಕೂತು ಅಳುತ್ತಿದ್ದರು. "ನನ್ ಎಂಡ್ತೀನ ಕೋಟೆ ಬಸ್ಗೆ ಅತ್ತುಸ್ಬಿಟ್ಟು ಬಂದೆ ಅಂದ. ಬೆಂಕಿ ಆಕುಸ್ದೋನೂ ಅವ್ನೇ. ಇಲ್ಲೀ ಕೀನೂ ಅವ್ನತ್ರಾನೇ ಇರೋದು."

ಯಾರು ಎಂದು ಚೇತನ್ಕುಮಾರ್ ಕಿರುಚಿದರು. ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಸಾಕಮ್ಮ ಚಿಹ್ನೆಯಲ್ಲಿ ಬರೆದದ್ದು ಗಂಡನಿಗೆ ಹೆದರಿ ಅಲ್ಲ. ಗಂಡ ಅದೇ ತರಗತಿಯಲ್ಲಿ ಕೂತವನು, ಅವನಿಗೆ ಓದಲು ಬರುತ್ತಿತ್ತು. ಪ್ರತಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಆ ಕೋಣೆಯ ಬಾಗಿಲು ತೆಗೆಯುವವನಿಗೆ ತಿಳಿಯಬಾರದೆಂದು ಅವಳು ಹಾಗೆ ಬರೆದಳು. ಗಂಡನಿಗೆ ಬಾಯಿಬಿಟ್ಟು ಹೇಳಿದ್ದರೆ ಆ ಮಾತು ನೇರ ಅವನ ಕಿವಿಗೇ ಹೋಗುತ್ತಿತ್ತು.

ತಿರುಗಿ ನೋಡಿದೆ.

ನಂಜಣ್ಣ ಒಲೆಯ ಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ದಿನಾ ಬೋರ್ಡು ಒರೆಸುವಷ್ಟೇ ನಿಧಾನವಾಗಿ ಇನ್ನೊಂದು ಕೊರಡನ್ನು ಒಳಗೆ ತಳ್ಳಿದ. ನನ್ನನ್ನು ನೋಡಿದ. ಆಮೇಲೆ ಕಂಕುಳಿನಿಂದ ಕೀ ಗೊಂಚಲು ತೆಗೆದು, ಅದನ್ನೂ ಬೆಂಕಿಗೆ ಹಾಕಿದ.